‘ಮಗು’ ‘ಮಗ’ ಆದ ಫೈಲು: ಒಂದು ಪಾಕ್ಷಿಕದ ಹಳೆ ಬರಹಗಳನ್ನು ಯೂನಿಕೋಡಿಗೆ ತಂದ ಪ್ರಕರಣ

ಮಲೆನಾಡಿನ ಒಂದು ಊರಿನಿಂದ ಹೊರಡುವ ಪಾಕ್ಷಿಕ ಪತ್ರಿಕೆ. ಪ್ರಸಾರ ದೊಡ್ಡದೇನಲ್ಲ. ಆದರೆ ಅಡಿಕೆ ಕೊಳೆರೋಗ, ಯಕ್ಷಗಾನ ಮೇಳಗಳ ತಿರುಗಾಟ, ಮುಚ್ಚಿಹೋದ ಶಾಲೆಗಳು, ಊರ ಹಿರಿಯರ ನೆನಪುಗಳು, ಇವೆಲ್ಲ ವರ್ಷಗಟ್ಟಲೆ ಅದರಲ್ಲಿ ಬಂದಿವೆ. ಇಂಥ ಸುದ್ದಿ ಬೇರೆಲ್ಲೂ ಸಿಗುವುದಿಲ್ಲ. ಬಳಗದವರು ತಮ್ಮ ಹತ್ತಿರ ಇದ್ದ ಡಿಜಿಟಲ್ ಫೈಲುಗಳನ್ನೆಲ್ಲ ಒಂದು ಡ್ರೈವಿಗೆ ಹಾಕಿ ಕೊಟ್ಟರು. ಕೇಳಿದ್ದು ಒಂದೇ. ಯಾವುದೇ ಪದ ಕೊಟ್ಟು ಹುಡುಕಿದರೆ ಆ ಪದ ಇರುವ ಲೇಖನಗಳೆಲ್ಲ ಸಿಗಬೇಕು.

ಕೆಲಸ ಸುಲಭ ಅನ್ನಿಸುತ್ತದೆ ಅಲ್ವಾ? ಹಳೆ ಎನ್‌ಕೋಡಿಂಗ್‌ನಲ್ಲಿರುವುದನ್ನು ಯುಟಿಎಫ್-8 ಮಾಡಿದರೆ ಆಯಿತು. (ಎನ್‌ಕೋಡಿಂಗ್ ಅಂದರೆ ಅಕ್ಷರಗಳನ್ನು ಬೈಟುಗಳಾಗಿ, ಅಂದರೆ 0ಯಿಂದ 255ರವರೆಗಿನ ಸಂಖ್ಯೆಗಳಾಗಿ ಬರೆದಿಡುವ ಕ್ರಮ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡನ್ನು ಹಾಗೆ ಬರೆದಿಡುವ ಒಂದು ಕ್ರಮ ಯುಟಿಎಫ್-8.) ಲಿನಕ್ಸಿನಲ್ಲಿ ಅದಕ್ಕೆಂದೇ ‘ಐಕಾನ್ವ್’ ಅನ್ನುವ ಕಮಾಂಡ್ ಇದೆ. ಯಾವುದರಿಂದ, ಯಾವುದಕ್ಕೆ ಅಂತ ಹೇಳಿದರೆ ಸಾಕು, ಬದಲಿಸಿ ಕೊಡುತ್ತದೆ. ಈ ‘ಯಾವುದರಿಂದ’ ಅನ್ನುವ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ನಮ್ಮ ಹೊತ್ತೆಲ್ಲ ಹೋಯಿತು. ಹಳೆ ಕನ್ನಡ ಫೈಲುಗಳನ್ನು ಇಟ್ಟುಕೊಂಡು ಕೂತಿರುವ ಸಂಘ, ಶಾಲೆ, ಪತ್ರಿಕೆಗಳು ಇನ್ನೂ ಬಹಳ ಇವೆ. ಅವರಿಗೆ ಉಪಯೋಗವಾಗಲಿ ಅಂತ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಬೇಕು.

ಡ್ರೈವಿನಲ್ಲಿ ಏನೇನಿತ್ತು

ಮೊದಲನೆಯದು, ಬಾತ್ಮೀದಾರರು ಕಳಿಸಿದ ಸುದ್ದಿಗಳ ಟೆಕ್ಸ್ಟ್ ಫೈಲುಗಳು. ಎರಡನೆಯದು, ಪುಟವಿನ್ಯಾಸಕ್ಕೆ ಸಿದ್ಧ ಮಾಡಿದ ಬರಹಗಳು. ಇವುಗಳಲ್ಲಿ ಕೆಲವು ವರ್ಡ್ ಫೈಲು, ಕೆಲವು ಬರೀ ಟೆಕ್ಸ್ಟ್. ಮೂರನೆಯದು, ಪತ್ರಿಕೆಯ ವೆಬ್‌ಸೈಟಿನ ಡೇಟಾಬೇಸ್ ಡಂಪ್, ಅಂದರೆ ಅದರಲ್ಲಿದ್ದದ್ದನ್ನೆಲ್ಲ ಹೊರತೆಗೆದ ಒಂದೇ ದೊಡ್ಡ ಫೈಲು. ಇವುಗಳ ಜೊತೆಗೆ ‘ಸರಿ-1’, ‘ಸರಿ-2’ ಅಂತ ಎರಡು ಫೋಲ್ಡರ್ ಇದ್ದವು. ಹಿಂದೆ ಯಾರೋ ಒಬ್ಬರು ಹಳೆಯ ಇನ್ನೊಂದು ಡಂಪನ್ನು ಸರಿ ಮಾಡಲು ಹೊರಟಿದ್ದರು. ಅವರ ಕೆಲಸ ಅಲ್ಲಿತ್ತು. ಆ ಹಳೆ ಡಂಪ್ ಮಾತ್ರ ಈಗ ಯಾರ ಹತ್ತಿರವೂ ಇರಲಿಲ್ಲ.

ಏನನ್ನೂ ಮುಟ್ಟುವ ಮೊದಲು ಡ್ರೈವಿನ ಪ್ರತಿ ತೆಗೆದು, ಮೂಲಕ್ಕೆ ಓದುವ ಅನುಮತಿ ಮಾತ್ರ ಉಳಿಸಿದೆವು. ‘ಶಾ256ಸಮ್’ ಓಡಿಸಿ ಪ್ರತಿ ಫೈಲಿನ ಚೆಕ್‌ಸಮ್ ಬರೆದಿಟ್ಟುಕೊಂಡೆವು. ಅದು ಫೈಲಿನ ಬೆರಳಚ್ಚು ಇದ್ದ ಹಾಗೆ, ಒಂದು ಬೈಟು ಬದಲಾದರೂ ಬೇರೆಯಾಗುತ್ತದೆ. ಎನ್‌ಕೋಡಿಂಗ್ ಬದಲಿಸುವಾಗ ಏನಾದರೂ ಕಳೆದುಹೋದರೆ ಫೈಲು ನೋಡಲು ಚೆನ್ನಾಗಿಯೇ ಇರುತ್ತದೆ. ಕಳೆದದ್ದು ಗೊತ್ತಾಗುವುದು ಎಷ್ಟೋ ದಿನ ಬಿಟ್ಟು. ಅದಕ್ಕೇ ಈ ಹೆಜ್ಜೆ ತಪ್ಪಿಸಬಾರದು.

ಆಮೇಲೆ ‘ಫೈಲ್’ ಅನ್ನುವ ಕಮಾಂಡಿಗೆ ಎಲ್ಲವನ್ನೂ ಕೊಟ್ಟೆವು. ಫೈಲಿನ ಒಳಗಿನ ಬೈಟುಗಳನ್ನು ನೋಡಿ ಎನ್‌ಕೋಡಿಂಗ್ ಯಾವುದಿರಬಹುದು ಅಂತ ಅದು ಊಹಿಸುತ್ತದೆ. ಬಾತ್ಮೀದಾರರ ಫೈಲುಗಳಿಗೆ ಯೂನಿಕೋಡಿನ ಇನ್ನೊಂದು ರೂಪವಾದ ಯುಟಿಎಫ್-16 ಅಂದಿತು. ಪುಟವಿನ್ಯಾಸದ ಟೆಕ್ಸ್ಟ್ ಫೈಲುಗಳಲ್ಲಿ ಕೆಲವಕ್ಕೆ ಪಶ್ಚಿಮ ಯುರೋಪಿನ ಭಾಷೆಗಳ ಎನ್‌ಕೋಡಿಂಗ್ ಆದ ಐಎಸ್‌ಒ-8859-1, ಕೆಲವಕ್ಕೆ ‘ಗೊತ್ತಿಲ್ಲದ 8 ಬಿಟ್’ ಅಂದಿತು. ಡಂಪಿಗೆ ಯುಟಿಎಫ್-8 ಅಂದಿತು. ಮೊದಲನೆಯ ಉತ್ತರ ಸರಿ. ಎರಡನೆಯದು ದಾರಿ ತಪ್ಪಿಸುವಂಥದ್ದು. ಮೂರನೆಯದು ನಿಜವೇ, ಆದರೆ ಉಪಯೋಗವಿಲ್ಲದ ನಿಜ.

ಸುಲಭದ್ದು

ಯುಟಿಎಫ್-16 ಫೈಲುಗಳು ಹಳೆಯ ನೋಟ್‌ಪ್ಯಾಡಿನಿಂದ ಬಂದವು. ಅದರ ಸೇವ್ ಪೆಟ್ಟಿಗೆಯಲ್ಲಿ ‘ಯೂನಿಕೋಡ್’ ಅಂತ ಇರುತ್ತಿದ್ದ ಆಯ್ಕೆ ನಿಜಕ್ಕೂ ಯುಟಿಎಫ್-16. 2019ರಲ್ಲಿ ಬಂದ ವಿಂಡೋಸ್ 10ರ 1903 ಆವೃತ್ತಿಯಿಂದ ನೋಟ್‌ಪ್ಯಾಡ್ ತಾನಾಗಿಯೇ ಯುಟಿಎಫ್-8ರಲ್ಲಿ ಉಳಿಸುತ್ತದೆ. ಅದಕ್ಕೆ ಮೊದಲಿನ ಕನ್ನಡ ಟೆಕ್ಸ್ಟ್ ಫೈಲುಗಳಲ್ಲಿ ಯುಟಿಎಫ್-16 ಸಿಗುವುದು ಮಾಮೂಲಿ.

ಗುರುತಿಸಲು ‘ಓಡಿ’ ಕಮಾಂಡ್ ಸಾಕು. ‘ಓಡಿ -ಎಎನ್ -ಟಿಯು1’ ಅಂತ ಕೊಟ್ಟರೆ ಬೈಟುಗಳನ್ನು 0ಯಿಂದ 255ರವರೆಗಿನ ಸಂಖ್ಯೆಗಳಾಗಿ ತೋರಿಸುತ್ತದೆ. ಈ ಫೈಲುಗಳು 255 254 ಅಂತ ಶುರುವಾಗುತ್ತವೆ. ಆಮೇಲೆ ಒಂದು ಬಿಟ್ಟು ಒಂದು ಬೈಟು 12. ಕನ್ನಡದ ಅಕ್ಷರಗಳೆಲ್ಲ ಯೂನಿಕೋಡಿನಲ್ಲಿ ಒಂದೇ ಗುಂಪಿನಲ್ಲಿವೆ, ಆ ಗುಂಪಿನ ಮೇಲಿನ ಬೈಟು 12. ‘ಕ’ ಅಂದರೆ 149 12. ‘ಗ್ರೆಪ್’ ಕೊಟ್ಟು ಕನ್ನಡ ಪದ ಹುಡುಕಿದರೆ ಇಂಥ ಫೈಲಿನಲ್ಲಿ ಏನೂ ಸಿಗುವುದಿಲ್ಲ. ಹುಡುಕುವ ಪದ ಇರುವುದು ಯುಟಿಎಫ್-8ರಲ್ಲಿ, ಫೈಲು ಇನ್ನೊಂದರಲ್ಲಿ.

ಇಲ್ಲಿ ಐಕಾನ್ವ್ ಅಚ್ಚುಕಟ್ಟಾಗಿ ಕೆಲಸ ಮಾಡುತ್ತದೆ:

ಐಕಾನ್ವ್ -ಎಫ್ ಯುಟಿಎಫ್-16 -ಟಿ ಯುಟಿಎಫ್-8 ಹಳೆಯದು > ಹೊಸದು

ಇದರಲ್ಲಿ ಎರಡು ಎಚ್ಚರ. ‘ಯುಟಿಎಫ್-16’ ಅಂತಷ್ಟೇ ಕೊಟ್ಟರೆ ಮೊದಲ ಎರಡು ಬೈಟಿನ ಗುರುತನ್ನು ಓದಿಕೊಂಡು ತೆಗೆದುಹಾಕುತ್ತದೆ. ‘ಯುಟಿಎಫ್-16ಎಲ್ಇ’ ಅಂತ ಕೊಟ್ಟರೆ ಆ ಗುರುತನ್ನೂ ಒಂದು ಅಕ್ಷರ ಅಂತ ತಿಳಿದು ಹೊಸ ಫೈಲಿನ ತಲೆಯ ಮೇಲೆ 239 187 191 ಕೂರಿಸುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಮೊದಲ ಪದವನ್ನು ಹುಡುಕುವಾಗ, ವಿಂಗಡಿಸುವಾಗ ಕಾಟ ಕೊಡುತ್ತದೆ. ಎರಡನೆಯದು, ಹೊಸ ಫೈಲಿಗೆ ಹಳೆಯದರ ಹೆಸರನ್ನೇ ಕೊಡಬಾರದು. ‘>’ ಚಿಹ್ನೆ ಕಂಡ ಕೂಡಲೇ ಶೆಲ್, ಅಂದರೆ ಕಮಾಂಡುಗಳನ್ನು ಓಡಿಸುವ ಪ್ರೋಗ್ರಾಮು, ಆ ಫೈಲನ್ನು ಖಾಲಿ ಮಾಡುತ್ತದೆ. ಐಕಾನ್ವ್ ಓದಲು ಶುರು ಮಾಡುವಾಗ ಓದಲು ಏನೂ ಉಳಿದಿರುವುದಿಲ್ಲ.

ಸರಿಯಾಗಿದೆಯಾ ಅಂತ ನೋಡಲು ಹೊಸದನ್ನು ಮತ್ತೆ ಯುಟಿಎಫ್-16 ಮಾಡಿ, ‘ಸಿಎಂಪಿ’ಯಿಂದ ಹಳೆಯದರ ಜೊತೆ ಹೋಲಿಸಿದೆವು. ಒಂದು ಬೈಟೂ ವ್ಯತ್ಯಾಸ ಇಲ್ಲದಿದ್ದರೆ ಏನೂ ಕಳೆದಿಲ್ಲ ಅಂತ ಅರ್ಥ. ಈ ಫೋಲ್ಡರ್ ಅಲ್ಲಿಗೆ ಮುಗಿಯಿತು.

ಐಕಾನ್ವ್‌ಗೆ ಗೊತ್ತಿಲ್ಲದ ಕನ್ನಡ

ಪುಟವಿನ್ಯಾಸದ ಫೈಲುಗಳನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರು. ಕನ್ನಡ ಗಣಕ ಪರಿಷತ್ತು ತಯಾರಿಸಿದ ನುಡಿ, ಶೇಷಾದ್ರಿವಾಸು ಅವರ ಬರಹ, ಇವೆರಡೂ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಮನೆಮಾತು ಮಾಡಿದವು. ಅವು ಬಂದ ಕಾಲದಲ್ಲಿ ಸಾಮಾನ್ಯ ಕಂಪ್ಯೂಟರುಗಳಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಮೂಡುತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳನ್ನು ಮಾಡಿದರು.

‘ಆಕಾರ’ ಅಂದದ್ದು ಬೇಕೆಂದೇ. ಈ ಫೈಲುಗಳಲ್ಲಿ ಅಕ್ಷರಗಳಿಲ್ಲ. ಅಚ್ಚಿನ ಮೊಳೆಗಳ ಹಾಗೆ ತುಂಡುಗಳಿವೆ. ‘ಕ’ ಅನ್ನುವುದು ಎರಡು ಬೈಟು. 80 ಅಂದರೆ ತಲೆಕಟ್ಟು ಇಲ್ಲದ ಮೈ, 192 ಅಂದರೆ ತಲೆಕಟ್ಟು. ‘ಕರ್ನಾಟಕ’ ಅನ್ನುವುದು ಹೀಗಿರುತ್ತದೆ: 80 192 163 193 240 108 80 192. ಇದನ್ನು ಬಿಡಿಸಿ ಓದಿದರೆ ‘ಕ’, ಆಮೇಲೆ ‘ನಾ’, ಆಮೇಲೆ ಅರ್ಕಾವತ್ತು, ಆಮೇಲೆ ‘ಟ’, ‘ಕ’. ಕೈಯಲ್ಲಿ ಬರೆಯುವಾಗ ಅರ್ಕಾವತ್ತು ಕೊನೆಗೆ ಬರುತ್ತದಲ್ಲ, ಫೈಲಿನಲ್ಲೂ ಅದೇ ಕ್ರಮ. ಯೂನಿಕೋಡಿನ ಕ್ರಮ ಬೇರೆ, ಅದು ಉಚ್ಚಾರಣೆಯ ಕ್ರಮ. ಅಲ್ಲಿ ರಕಾರ ಮೊದಲು, ಆಮೇಲೆ ‘್’, ಆಮೇಲೆ ‘ನ’, ಆಮೇಲೆ ‘ಾ’. ಅಂದರೆ ಬೈಟು ಬದಲಿಸಿದರೆ ಸಾಲದು, ಜಾಗವನ್ನೂ ಬದಲಿಸಬೇಕು.

ಐಕಾನ್ವ್ ಇದನ್ನು ಮಾಡುವುದಿಲ್ಲ. ಅದರ ಪಟ್ಟಿಯಲ್ಲಿ ನುಡಿ ಇಲ್ಲ. ‘ಐಕಾನ್ವ್ -ಎಲ್’ ಕೊಟ್ಟು ನೋಡಿದರೆ ಲಿನಕ್ಸಿನಲ್ಲಿ ತಮಿಳಿನ ಟಿಎಸ್‌ಸಿಐಐ ಸಿಗುತ್ತದೆ, ಕನ್ನಡದ್ದು ಅಂತ ಹಳೆಯದೇನೂ ಸಿಗುವುದಿಲ್ಲ. ಭಾರತೀಯ ಲಿಪಿಗಳ ಎನ್‌ಕೋಡಿಂಗ್‌ಗೆ 1991ರಲ್ಲಿ ಬಂದ ಮಾನಕ ಇಸ್ಕಿ ಬೇಕಾದವರಿಗೆ ಐಸಿಯು ಅನ್ನುವ ಯೂನಿಕೋಡ್ ತಂತ್ರಾಂಶದ ಜೊತೆ ಬರುವ ‘ಯುಕಾನ್ವ್’ ಇದೆ. ವಿಂಡೋಸಿನಲ್ಲೂ ಕನ್ನಡ ಇಸ್ಕಿಗೆ 57008 ಅನ್ನುವ ಕೋಡ್ ಪೇಜ್ ಇದೆ. ಆದರೆ ಇಸ್ಕಿ ನಿಜವಾದ ಅಕ್ಷರ ಸಂಕೇತ. ನುಡಿಯ ಫೈಲು ಇಸ್ಕಿ ಅಲ್ಲ. ಎರಡನ್ನೂ ‘ಹಳೆ ಕನ್ನಡ ಕೋಡು’ ಅಂತ ಒಂದೇ ಗುಂಪಿಗೆ ಸೇರಿಸುವವರು ಬಹಳ ಜನ. ಹಾಗೆ ಮಾಡಿದರೆ ಇಲ್ಲಿ ಕೆಲಸ ಕೆಡುತ್ತದೆ.

‘ಫೈಲ್’ ಕಮಾಂಡಿನ ಮಾತು ನಂಬಿ ಐಎಸ್‌ಒ-8859-1ರಿಂದ ಯುಟಿಎಫ್-8ಕ್ಕೆ ಬದಲಿಸಿದರೆ ಏನಾಗುತ್ತದೆ? ಐಕಾನ್ವ್ ಒಂದು ದೂರನ್ನೂ ಹೇಳದೆ ಮುಗಿಸುತ್ತದೆ. ಆ ಎನ್‌ಕೋಡಿಂಗ್‌ನಲ್ಲಿ 256 ಬೈಟುಗಳಿಗೂ ಒಂದೊಂದು ಅರ್ಥ ಇದೆ. ಯಾವ ಫೈಲು ಕೊಟ್ಟರೂ, ಚಿತ್ರದ ಫೈಲೇ ಕೊಟ್ಟರೂ ಅದು ಸೋಲುವುದಿಲ್ಲ. ಸಿಗುವುದು ಮಾತ್ರ ಇಂಗ್ಲಿಷ್ ಮತ್ತು ಫ್ರೆಂಚ್ ಅಕ್ಷರಗಳ ಕಲಸುಮೇಲೋಗರ, ಅದೂ ‘ನಾನು ಯುಟಿಎಫ್-8’ ಅಂತ ಹೇಳಿಕೊಳ್ಳುವ ಕಲಸುಮೇಲೋಗರ. ಮುಂದೆ ಆ ಫೈಲು ಸಿಕ್ಕವರಿಗೆ ಮೂಲ ಏನಿತ್ತು ಅಂತ ಊಹಿಸುವುದು ಇನ್ನೂ ಕಷ್ಟ.

ನುಡಿಯಿಂದ ಯೂನಿಕೋಡಿಗೆ ಬದಲಿಸುವ ಪೈಥಾನ್ ಸ್ಕ್ರಿಪ್ಟುಗಳನ್ನು ಕನ್ನಡಿಗರೇ ಬರೆದು ಮುಕ್ತವಾಗಿ ಹಂಚಿದ್ದಾರೆ. ಅವು ಬೈಟುಗಳ ಉದ್ದನೆಯ ಜೋಡಣೆಯನ್ನು ಮೊದಲು ಹುಡುಕಿ, ಸಿಗದಿದ್ದರೆ ಚಿಕ್ಕದಕ್ಕೆ ಇಳಿಯುತ್ತವೆ. ಒತ್ತು ಮತ್ತು ಅರ್ಕಾವತ್ತಿನ ಜಾಗ ಬದಲಿಸುತ್ತವೆ. ನಮಗೂ ಅದೇ ಸಾಕಾಯಿತು. ತಲೆನೋವು ಇದ್ದದ್ದು ಇಂಗ್ಲಿಷ್ ಪದಗಳದ್ದು. ನುಡಿಯಲ್ಲಿ ಟೈಪ್ ಮಾಡುವವರು ಇಂಗ್ಲಿಷ್ ಬಂದಾಗ ಫಾಂಟು ಬದಲಿಸುತ್ತಾರೆ. ಬರೀ ಟೆಕ್ಸ್ಟ್ ಫೈಲಿನಲ್ಲಿ ಫಾಂಟಿನ ಮಾಹಿತಿಯೇ ಇರುವುದಿಲ್ಲ. ಆಗ 80 ಅಂದರೆ ‘ಕ’ದ ಮೈಯೋ, ಇಂಗ್ಲಿಷಿನ ‘ಪಿ’ಯೋ? ಬೈಟು ನೋಡಿ ಹೇಳಲು ಸಾಧ್ಯವಿಲ್ಲ. ಇಮೇಲ್ ವಿಳಾಸಗಳು, ಔಷಧದ ಹೆಸರುಗಳು ಕನ್ನಡದ ಚೂರುಗಳಾಗಿ ಹೊರಬರುತ್ತವೆ.

ಅದಕ್ಕೆ ವರ್ಡ್ ಫೈಲು ಇರುವ ಕಡೆಯೆಲ್ಲ ಅದನ್ನೇ ಮೂಲ ಅಂತ ಹಿಡಿದೆವು. ಲಿಬ್ರೆ ಆಫೀಸನ್ನು ಕಮಾಂಡ್ ಲೈನಿನಿಂದ ಓಡಿಸಿ ಫಾಂಟಿನ ಹೆಸರು ಉಳಿಯುವಂಥ ಎಕ್ಸ್‌ಎಂಎಲ್ ತೆಗೆದು, ನುಡಿ ಫಾಂಟಿನಲ್ಲಿದ್ದ ಭಾಗವನ್ನು ಮಾತ್ರ ಬದಲಿಸಿದೆವು. ಬರೀ ಟೆಕ್ಸ್ಟ್ ಇದ್ದ ಕಡೆ ಒಂದು ಒರಟು ನಿಯಮ ಇಟ್ಟುಕೊಂಡೆವು. ನುಡಿಯ ಕನ್ನಡ ಪದದಲ್ಲಿ ಸಾಮಾನ್ಯವಾಗಿ ತಲೆಕಟ್ಟೋ ಗುಣಿತದ ಚಿಹ್ನೆಯೋ ಇರುತ್ತದೆ, ಅವುಗಳ ಬೈಟು 127ಕ್ಕಿಂತ ಮೇಲಿನದು. 127ರ ಒಳಗಿನ ಬೈಟುಗಳಿಂದಲೇ ಆದ ಪದ ಬಹುಪಾಲು ಇಂಗ್ಲಿಷ್. ಅಂಥ ಪದಗಳ ಪಟ್ಟಿಯನ್ನು ಬೇರೆಯಾಗಿ ತೆಗೆದು ಸಂಪಾದಕರಿಗೆ ಕೊಟ್ಟೆವು. ಪುಟ್ಟ ಕನ್ನಡ ಪದಗಳು ಅಲ್ಲಲ್ಲಿ ಸೇರಿಕೊಂಡಿದ್ದವು. ಅವನ್ನು ಅವರು ಗುರುತು ಮಾಡಿ ಕೊಟ್ಟರು.

ಎರಡು ಸಲ ಎನ್‌ಕೋಡ್ ಆದ ಡಂಪ್

ನಿಜವಾದ ಕಷ್ಟ ಇದ್ದದ್ದು ಡಂಪಿನಲ್ಲಿ. ತೆರೆದರೆ ಕನ್ನಡದ ಬದಲು ಒಂದೇ ಮಾದರಿ ಪುನಃ ಪುನಃ ಕಾಣುತ್ತದೆ. ತಲೆ ಮೇಲೆ ಗೆರೆ ಇರುವ ಚಿಕ್ಕ ‘ಎ’, ಪಕ್ಕದಲ್ಲಿ ಮೇಲಕ್ಕೆ ಏರಿದ ಪುಟ್ಟ 2 ಅಥವಾ 3, ಆಮೇಲೆ ಯಾವುದೋ ಒಂದು ಚಿಹ್ನೆ. ಕನ್ನಡ ವೆಬ್‌ಸೈಟು ನಡೆಸಿದವರಿಗೆ ಈ ಚಿತ್ರ ಗುರುತು ಸಿಗುತ್ತದೆ.

ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರ ಮೂರು ಬೈಟು. ಮೊದಲನೆಯದು ಯಾವಾಗಲೂ 224. ಎರಡನೆಯದು 178 ಅಥವಾ 179. ಮೂರನೆಯದು 128ರಿಂದ 191ರ ಒಳಗೆ. ‘ಕ’ ಅಂದರೆ 224 178 149. ಪಶ್ಚಿಮ ಯುರೋಪಿನ ಭಾಷೆಗಳಿಗೆ ವಿಂಡೋಸಿನಲ್ಲಿರುವ ಎನ್‌ಕೋಡಿಂಗ್ ವಿಂಡೋಸ್-1252. ಅದರ ಕಣ್ಣಿನಲ್ಲಿ 224 ಅಂದರೆ ಆ ಗೆರೆಯ ‘ಎ’, 178 ಅಂದರೆ ಪುಟ್ಟ 2, 149 ಅಂದರೆ ದಪ್ಪ ಚುಕ್ಕಿ. ಹಾಗಾಗಿ ಒಂದು ‘ಕ’ ಮೂರು ಚಿಹ್ನೆಯಾಗಿ ಕಾಣುತ್ತದೆ.

ಕಾರಣ ಇದು. ವೆಬ್‌ಸೈಟಿನ ಡೇಟಾಬೇಸ್ ಮೈಎಸ್‌ಕ್ಯೂಎಲ್‌ನದು. 8.0 ಆವೃತ್ತಿ ಬರುವವರೆಗೆ ಮೈಎಸ್‌ಕ್ಯೂಎಲ್‌ನಲ್ಲಿ ಬೇರೆ ಹೇಳದಿದ್ದರೆ ಎನ್‌ಕೋಡಿಂಗ್ ‘ಲ್ಯಾಟಿನ್1’ ಆಗಿರುತ್ತಿತ್ತು. ಹೆಸರು ಹಾಗಿದ್ದರೂ ಅದು ಹೆಚ್ಚುಕಮ್ಮಿ ವಿಂಡೋಸ್-1252. ವೆಬ್‌ಸೈಟಿನ ಪ್ರೋಗ್ರಾಮು ಯುಟಿಎಫ್-8 ಬೈಟುಗಳನ್ನು ಕಳಿಸಿತು. ಡೇಟಾಬೇಸ್ ಅವನ್ನು ಲ್ಯಾಟಿನ್1 ಅಕ್ಷರಗಳು ಅಂತ ತಿಳಿದು ಇಟ್ಟುಕೊಂಡಿತು. ವಾಪಸ್ ಕೊಡುವಾಗಲೂ ಹಾಗೇ ಕೊಟ್ಟಿತು, ಬ್ರೌಸರಿನಲ್ಲಿ ಕನ್ನಡ ಸರಿಯಾಗಿಯೇ ಕಂಡಿತು. ಎಷ್ಟೋ ವರ್ಷ ಯಾರಿಗೂ ಅನುಮಾನ ಬರಲಿಲ್ಲ. ಡಂಪ್ ತೆಗೆಯುವಾಗ ಮಾತ್ರ ಆ ‘ಲ್ಯಾಟಿನ್1 ಅಕ್ಷರ’ಗಳು ಒಂದೊಂದಾಗಿ ಯುಟಿಎಫ್-8 ಆದವು. ಮೂರು ಬೈಟಿನ ‘ಕ’ ಏಳು ಬೈಟಾಯಿತು: 195 160, 194 178, 226 128 162. ಇದು ಪಕ್ಕಾ ಯುಟಿಎಫ್-8. ಅದಕ್ಕೇ ‘ಫೈಲ್’ ಕಮಾಂಡ್ ಹಾಗೆ ಹೇಳಿದ್ದು.

ಪುಸ್ತಕದಲ್ಲಿರುವ ಉಪಾಯ, ಒಂದು ಸುತ್ತು ಹಿಂದಕ್ಕೆ ಹೋಗುವುದು. ಯುಟಿಎಫ್-8ರಿಂದ ವಿಂಡೋಸ್-1252ಕ್ಕೆ ಬದಲಿಸಿದರೆ ಮೊದಲಿನ ಮೂರು ಬೈಟು ಸಿಗಬೇಕು, ಅದೇ ಸರಿಯಾದ ಕನ್ನಡ. ಹಿಂದಿ, ತಮಿಳು ಯಾವುದಕ್ಕಾದರೂ ಇದನ್ನೇ ಹೇಳುತ್ತಾರೆ. ಕನ್ನಡಕ್ಕೆ ಇದು ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ‘ಸರಿ-1’ ಫೋಲ್ಡರ್ ಹಾಳಾದದ್ದು ಇಲ್ಲೇ.

ವಿಂಡೋಸ್-1252ರಲ್ಲಿ ಐದು ಬೈಟುಗಳಿಗೆ ಅರ್ಥವೇ ಇಲ್ಲ: 129, 141, 143, 144, 157. ಬೇರೆ ಭಾಷೆಯವರಿಗೆ ಈ ಐದರಿಂದ ಎಷ್ಟು ತೊಂದರೆಯೋ, ಕನ್ನಡದಲ್ಲಿ ಯಾವ ಅಕ್ಷರಗಳ ಮೂರನೇ ಬೈಟು ಇವು ಅಂತ ನೋಡಿ. 129 ಅಂದರೆ ಉಕಾರದ ಚಿಹ್ನೆ ‘ು’. 141 ಅಂದರೆ ‘್’, ಅಂದರೆ ನಮ್ಮ ಪ್ರತಿಯೊಂದು ಒತ್ತಕ್ಷರದ ಒಳಗೂ ಇರುವ ಚಿಹ್ನೆ. 143 ಅಂದರೆ ‘ಏ’. 144 ಅಂದರೆ ‘ಐ’. 157 ಅಂದರೆ ‘ಝ’. ಕನ್ನಡದ ಒಂದು ಸಾಲು ಬರೆಯಿರಿ, ‘ು’ ಮತ್ತು ‘್’ ಇಲ್ಲದೆ ಬರೆಯಲು ಆಗುತ್ತದಾ? ಮೈಎಸ್‌ಕ್ಯೂಎಲ್ ತನ್ನ ಲ್ಯಾಟಿನ್1ರಲ್ಲಿ ಈ ಐದಕ್ಕೂ ಜಾಗ ಮಾಡಿಕೊಂಡಿದೆ, ಅದೇ ಸಂಖ್ಯೆಯ ಕಾಣದ ನಿಯಂತ್ರಣ ಅಕ್ಷರಗಳು ಅಂತ ತಿಳಿಯುತ್ತದೆ. ಹಾಗಾಗಿ ಡಂಪಿನಲ್ಲಿ ಏನೂ ಕಳೆದಿರುವುದಿಲ್ಲ. ಐಕಾನ್ವ್‌ನ ವಿಂಡೋಸ್-1252 ಮಾತ್ರ ಅವನ್ನು ಒಪ್ಪುವುದಿಲ್ಲ. ಮೊದಲ ಒತ್ತಕ್ಷರಕ್ಕೋ ಮೊದಲ ಉಕಾರಕ್ಕೋ ಬಂದಾಗ, ಇಂಥ ಜಾಗದಲ್ಲಿ ತಪ್ಪು ಬೈಟು ಅಂತ ಹೇಳಿ ನಿಲ್ಲುತ್ತದೆ.

ಸರಿ, ಐಎಸ್‌ಒ-8859-1ಕ್ಕೆ ಬದಲಿಸೋಣ ಅಂದರೆ? ಅದರಲ್ಲಿ 141 ಇದೆ, 129 ಇದೆ. ಆದರೆ 149ರ ದಪ್ಪ ಚುಕ್ಕಿ ಇಲ್ಲ. ಅಲ್ಲಿಗೆ ‘ಕ’ದಲ್ಲೇ ನಿಂತುಹೋಗುತ್ತದೆ. ಒಂದು ದಾರಿಯಲ್ಲಿ ಒತ್ತಕ್ಷರ ಅಡ್ಡ, ಇನ್ನೊಂದರಲ್ಲಿ ‘ಕ’ ಅಡ್ಡ.

ಹೀಗೆ ನಿಂತಾಗ ಜನ ಮಾಡುವ ಕೆಲಸ, ‘-ಸಿ’ ಸೇರಿಸುವುದು. ಬದಲಿಸಲು ಆಗದ್ದನ್ನು ಬಿಟ್ಟು ಮುಂದೆ ಹೋಗು ಅಂತ ಅದರ ಅರ್ಥ. ಐಕಾನ್ವ್ ಸುಮ್ನೆ ಮುಗಿಸಿಬಿಡುತ್ತದೆ. ‘ಸರಿ-1’ ಫೋಲ್ಡರಿನ ಫೈಲುಗಳು ಹೀಗೆ ಆದವು. ಅವುಗಳಲ್ಲಿ ‘ಕನ್ನಡ’ ಅನ್ನುವುದು ‘ಕನ�ನಡ’, ‘ಮತ್ತು’ ಅನ್ನುವುದು ‘ಮತ�ತ�’. ಮೂರನೇ ಬೈಟು ಹೋಗಿದೆ, ಮೊದಲೆರಡು ಅನಾಥವಾಗಿ ಉಳಿದಿವೆ, ಅದರ ಜಾಗದಲ್ಲಿ ಎಡಿಟರ್ ಈ ಪ್ರಶ್ನೆ ಗುರುತಿನ ವಜ್ರವನ್ನು ತೋರಿಸುತ್ತದೆ. ಆ ವಜ್ರಗಳು ಕಣ್ಣಿಗೆ ಚುಚ್ಚುತ್ತವೆ ಅಂತ ಇನ್ನೊಂದು ಸಲ ‘-ಸಿ’ ಹಾಕಿ, ಯುಟಿಎಫ್-8ರಿಂದ ಯುಟಿಎಫ್-8ಕ್ಕೇ ಬದಲಿಸಿದ್ದರು. ಅದು ‘ಸರಿ-2’.

‘ಸರಿ-2’ರಲ್ಲಿ ಒಂದು ವಜ್ರವೂ ಇಲ್ಲ. ಯಾವ ಪರೀಕ್ಷೆಗೆ ಹಾಕಿದರೂ ಪಕ್ಕಾ ಯುಟಿಎಫ್-8, ಪಕ್ಕಾ ಕನ್ನಡ ಅಕ್ಷರಗಳು. ಓದಿದರೆ ‘ಮತತ’, ‘ಕಣಣ’, ‘ಅಣಣ’. ‘ಏಲಕ್ಕಿ’ ಹೋಗಿ ‘ಲಕಕಿ’. ‘ಐದು’ ಅನ್ನುವುದು ಬರೀ ‘ದ’. ಇವಾದರೂ ತಪ್ಪು ಅಂತ ಗೊತ್ತಾಗುತ್ತವೆ. ‘ಮಗು’ ‘ಮಗ’ ಆಗಿದೆ, ‘ಕರು’ ‘ಕರ’ ಆಗಿದೆ. ಇವು ಸರಿಯಾದ ಪದಗಳೇ. ಯಾವ ಕಾಗುಣಿತ ಪರೀಕ್ಷಕವೂ ಇದನ್ನು ಹಿಡಿಯುವುದಿಲ್ಲ. ಜ್ವರ ಬಂದ ಮಗುವಿನ ಸುದ್ದಿ ಯಾರದೋ ಮಗನ ಸುದ್ದಿಯಾಗಿ ಉಳಿದುಬಿಡುತ್ತದೆ. ಒಂದು ಊರಿನ ದಾಖಲೆ ಹೀಗೆ ಸದ್ದಿಲ್ಲದೆ ಬೇರೆ ಮಾತು ಹೇಳತೊಡಗುವುದು ನನಗೆ ನಿಜಕ್ಕೂ ಭಯ ಹುಟ್ಟಿಸಿತು. ಮೂಲದ ಮೇಲೆ ‘-ಸಿ’ ಬಳಸಲೇಬಾರದು. ಐಕಾನ್ವ್ ನಿಂತಿತು ಅಂದರೆ ನಾವು ಅಂದುಕೊಂಡ ಎನ್‌ಕೋಡಿಂಗ್ ತಪ್ಪು ಅಂತ ಅದು ಹೇಳುತ್ತಿದೆ, ಅದನ್ನು ಕೇಳಿಸಿಕೊಳ್ಳಬೇಕು.

ನಕಲು ಮಾಡಿ ಅಂಟಿಸುವುದೂ ಅಷ್ಟೇ ಅಪಾಯ. ‘ಭ’ದ ಮೂರನೇ ಬೈಟು 173. ವಿಂಡೋಸ್-1252ರಲ್ಲಿ ಅದು ಕಾಣದ ಅಡ್ಡಗೆರೆ, ಸಾಲು ತುಂಡಾದರೆ ಮಾತ್ರ ತೋರುವಂಥದ್ದು. ‘ಠ’ದ ಮೂರನೇ ಬೈಟು 160, ಅದು ಒಂದು ಬಗೆಯ ಖಾಲಿ ಜಾಗ. ಪರದೆಯ ಮೇಲಿನ ಕಲಸುಮೇಲೋಗರವನ್ನು ನಕಲು ಮಾಡಿ ಯಾವುದೋ ಜಾಲತಾಣದ ಪೆಟ್ಟಿಗೆಗೆ ಹಾಕಿ ಸರಿ ಮಾಡಲು ಹೋದರೆ, ದಾರಿಯಲ್ಲಿ ಕಾಣದ ಅಡ್ಡಗೆರೆ ಉದುರಬಹುದು, ಆ ಖಾಲಿ ಜಾಗ ಮಾಮೂಲಿ ಖಾಲಿ ಜಾಗವಾಗಬಹುದು. ‘ಭೂಮಿ’ಯೂ ಹೋಯಿತು, ‘ಪಾಠ’ವೂ ಹೋಯಿತು. ಕಮಾಂಡ್ ಲೈನಿನಲ್ಲಿ ಬೈಟುಗಳನ್ನೇ ಹಿಡಿದು ಕೆಲಸ ಮಾಡುವುದರ ಲಾಭ ಇದು.

ಡಂಪನ್ನು ಸರಿ ಮಾಡಿದ ಬಗೆ

ನಮ್ಮ ಡಂಪಿಗೆ ಇನ್ನೊಂದು ತೊಡಕಿತ್ತು. ನಡುವೆ ಒಮ್ಮೆ ವೆಬ್‌ಸೈಟನ್ನು ಬೇರೆ ಕಡೆಗೆ ಸಾಗಿಸಿದ್ದರು. ಆಮೇಲಿನ ಲೇಖನಗಳು ಸರಿಯಾದ ಯುಟಿಎಫ್-8ರಲ್ಲೇ ಇದ್ದವು. ಅಂದರೆ ಒಂದೇ ಫೈಲಿನಲ್ಲಿ ಕೆಲವು ಸಾಲು ಸರಿ, ಕೆಲವು ಎರಡು ಸಲ ಎನ್‌ಕೋಡ್ ಆದವು. ಇಡೀ ಫೈಲಿಗೆ ಒಂದೇ ಕಮಾಂಡ್ ಓಡಿಸುವ ಮಾತೇ ಇಲ್ಲ. ಸರಿಯಾದ ಮೊದಲ ‘ಕ’ ಬಂದ ಕೂಡಲೇ ಐಕಾನ್ವ್ ನಿಲ್ಲುತ್ತದೆ.

ಹಾಗಾಗಿ ಚಿಕ್ಕ ಪೈಥಾನ್ ಸ್ಕ್ರಿಪ್ಟ್ ಬರೆದೆವು. ಅದು ಫೈಲನ್ನು ಯುಟಿಎಫ್-8 ಅಂತ ಓದಿ, ಮೂರು ಮೂರು ಚಿಹ್ನೆಗಳ ಗುಂಪನ್ನು ಮಾತ್ರ ಹುಡುಕುತ್ತದೆ: ಗೆರೆಯ ‘ಎ’, ಪುಟ್ಟ 2 ಅಥವಾ 3, ಆಮೇಲೆ ಇನ್ನೊಂದು. ಮೂರನೆಯದಕ್ಕೆ ವಿಂಡೋಸ್-1252ರಲ್ಲಿ ಬೈಟು ಇದ್ದರೆ ಅದನ್ನು ತೆಗೆದುಕೊಳ್ಳುತ್ತದೆ. ಇಲ್ಲದಿದ್ದರೆ, ಅಂದರೆ ಆ ಐದರಲ್ಲಿ ಒಂದಾದರೆ, ಅದರ ಯೂನಿಕೋಡ್ ಸಂಖ್ಯೆಯನ್ನೇ ಬೈಟು ಅಂತ ಇಡುತ್ತದೆ. ಮೂರೂ ಸೇರಿ ಒಂದು ಕನ್ನಡ ಅಕ್ಷರ ಆಗುತ್ತದೆ. ಉಳಿದದ್ದನ್ನು ಮುಟ್ಟುವುದಿಲ್ಲ. ಸರಿಯಾದ ಕನ್ನಡದಲ್ಲಿ ಅಂಥ ತ್ರಿವಳಿ ಬರುವ ಸಂದರ್ಭವೇ ಇಲ್ಲ, ಹಾಗಾಗಿ ಹೊಸ ಲೇಖನಗಳಿಗೆ ಧಕ್ಕೆ ಇಲ್ಲ. ಪೈಥಾನಿನ ‘ಎಫ್‌ಟಿಎಫ್‌ವೈ’ ಅನ್ನುವ ಸಿದ್ಧ ಲೈಬ್ರರಿಯೂ ಇದೇ ಉಪಾಯ ಬಳಸುತ್ತದೆ. ಅದರಲ್ಲಿ ಈ ಐದು ಬೈಟುಗಳನ್ನು ಒಪ್ಪುವ ‘ಸ್ಲಾಪಿ ವಿಂಡೋಸ್-1252’ ಇದೆ. ಆದರೆ ಅದು ಇನ್ನೂ ಹಲವು ತಿದ್ದುಪಡಿಗಳನ್ನು ತಾನಾಗಿಯೇ ಮಾಡುತ್ತದೆ. ದಾಖಲೆಯ ಕೆಲಸಕ್ಕೆ ನಮಗೆ ಗೊತ್ತಿರುವ ಒಂದೇ ಬದಲಾವಣೆ ಮಾಡುವ ಚಿಕ್ಕ ಸ್ಕ್ರಿಪ್ಟೇ ಮೇಲು ಅನ್ನಿಸಿತು.

ಕನ್ನಡ ಅಕ್ಷರಗಳ ಜೊತೆ ಬರುವ ಇನ್ನೊಂದು ಗುಂಪನ್ನೂ ಸೇರಿಸಬೇಕಾಯಿತು. ಉದ್ಧರಣ ಚಿಹ್ನೆಗಳು, ‘ರ‍್ಯ’ ಬರೆಯಲು ಬಳಸುವ ಕಾಣದ ಜೋಡಕ, ಪದದ ನಡುವೆ ಒತ್ತು ಆಗದಂತೆ ತಡೆಯುವ ಕಾಣದ ತಡೆ, ಇವೆಲ್ಲ 226 128 ಅಂತ ಶುರುವಾಗುತ್ತವೆ. ಜೋಡಕದ ಮೂರನೇ ಬೈಟು 141, ಮುಚ್ಚುವ ಜೋಡಿ ಉದ್ಧರಣದ್ದು 157. ಎರಡೂ ಆ ಐದರ ಪೈಕಿ. ‘ಸರಿ-1’ರಲ್ಲಿ ಮಾತು ತೆರೆಯುವ ಚಿಹ್ನೆ ಇದ್ದು ಮುಚ್ಚುವ ಚಿಹ್ನೆ ಎಲ್ಲೂ ಇಲ್ಲದಿರುವುದಕ್ಕೆ ಕಾರಣ ಇದೇ.

ಸರಿಯಾಗಿದೆ ಅಂತ ಹೇಗೆ ನಂಬುವುದು? ಬದಲಿಸುವ ಮೊದಲು ಇದ್ದ ತ್ರಿವಳಿಗಳನ್ನೂ ಆಗಲೇ ಸರಿಯಿದ್ದ ಕನ್ನಡ ಅಕ್ಷರಗಳನ್ನೂ ಎಣಿಸಿ ಕೂಡಿದೆವು. ಬದಲಿಸಿದ ಮೇಲೆ ಇರುವ ಕನ್ನಡ ಅಕ್ಷರಗಳ ಲೆಕ್ಕ ಅದಕ್ಕೆ ಸಮವಾಗಬೇಕು, ಆಯಿತು. 239 191 189, ಅಂದರೆ ಆ ವಜ್ರದ ಬೈಟುಗಳು, ಎಲ್ಲಾದರೂ ಇವೆಯಾ ಅಂತ ಹುಡುಕಿದೆವು. ಕೊನೆಗೆ ಒಂದೊಂದು ವರ್ಷದಿಂದ ಕೆಲವು ಲೇಖನ ತೆಗೆದು ಅಚ್ಚಾದ ಸಂಚಿಕೆ ಪಕ್ಕದಲ್ಲಿಟ್ಟು ಓದಿದೆವು. ಓದುವ ಕೆಲಸಕ್ಕೆ ಬದಲಿ ಇಲ್ಲ.

ತ್ರಿವಳಿ ಅರ್ಧಕ್ಕೆ ನಿಂತ ಜಾಗಗಳೂ ಸಿಕ್ಕವು. ಎಲ್ಲವೂ ಶೀರ್ಷಿಕೆಗಳ ಕೊನೆಯಲ್ಲಿ. ಶೀರ್ಷಿಕೆಯ ಕಾಲಮ್ಮಿಗೆ 255 ಅಕ್ಷರಗಳ ಮಿತಿ ಇತ್ತು. ಲ್ಯಾಟಿನ್1 ಲೆಕ್ಕದಲ್ಲಿ ಒಂದು ಬೈಟು ಒಂದು ಅಕ್ಷರ, ಕನ್ನಡಕ್ಕೆ ಮೂರು ಬೈಟು ಬೇಕು. ಹಾಗಾಗಿ 85 ಅಕ್ಷರಕ್ಕೆ ಜಾಗ ಮುಗಿಯುತ್ತದೆ. ಗುಣಿತ, ಒತ್ತು ಎಲ್ಲ ಬೇರೆ ಬೇರೆ ಎಣಿಕೆಯಾಗುವುದರಿಂದ ಒಂದು ಉದ್ದನೆಯ ಸಾಲಿಗೇ 85 ತುಂಬುತ್ತದೆ. ಕತ್ತರಿಸಿಹೋದದ್ದು ಡಂಪಿನಲ್ಲಿ ಎಲ್ಲೂ ಇಲ್ಲ. ಆ ಶೀರ್ಷಿಕೆಗಳನ್ನು ಅಚ್ಚಾದ ಸಂಚಿಕೆ ನೋಡಿ ಬಳಗದವರೇ ಪೂರ್ತಿ ಮಾಡಿದರು.

‘ಸರಿ-1’ರಿಂದ ಉಳಿಸಿಕೊಂಡದ್ದು

ಹಳೆ ಡಂಪಿನಲ್ಲಿದ್ದ ಒಂದಷ್ಟು ಲೇಖನಗಳು ಹೊಸ ಡಂಪಿನಲ್ಲಿ ಇರಲಿಲ್ಲ. ಸೈಟು ಸಾಗಿಸುವಾಗ ಬಿಟ್ಟುಹೋಗಿದ್ದವು. ಅವು ಉಳಿದಿದ್ದದ್ದು ‘-ಸಿ’ ಕತ್ತರಿಸಿದ ಆ ಎರಡು ಫೋಲ್ಡರುಗಳಲ್ಲಿ ಮಾತ್ರ. ‘ಸರಿ-2’ರಿಂದ ಏನೂ ಮಾಡಲು ಬರುವುದಿಲ್ಲ. ಎಲ್ಲಿ ಕಳೆದಿದೆ ಅನ್ನುವ ಗುರುತೂ ಅದರಲ್ಲಿ ಇಲ್ಲ.

‘ಸರಿ-1’ರಲ್ಲಿ ಗುರುತಿದೆ. ಪರದೆಯ ಮೇಲೆ ಎಲ್ಲ ವಜ್ರಗಳೂ ಒಂದೇ ಥರ ಕಾಣುತ್ತವೆ, ಬೈಟುಗಳಲ್ಲಿ ಹಾಗಿಲ್ಲ. ಅನಾಥವಾಗಿ ಉಳಿದ ಎರಡು ಬೈಟು 224 179 ಆದರೆ ಕಳೆದದ್ದು ‘ು’ ಅಥವಾ ‘್’. 224 178 ಆದರೆ ‘ಏ’, ‘ಐ’, ‘ಝ’ ಇವುಗಳಲ್ಲಿ ಒಂದು. 226 128 ಆದರೆ ಜೋಡಕ ಅಥವಾ ಮುಚ್ಚುವ ಚಿಹ್ನೆ. ಎಡಿಟರಿನಲ್ಲಿ ತೆರೆದು ಒಮ್ಮೆ ಸೇವ್ ಮಾಡಿದ್ದರೆ ಈ ಬೈಟುಗಳೂ ಹೋಗಿ ಬರೀ ವಜ್ರ ಉಳಿಯುತ್ತಿತ್ತು. ಯಾರೂ ಸೇವ್ ಮಾಡಿರಲಿಲ್ಲ.

ಈಗ ಸರಿಯಾಗಿ ಬದಲಾಗಿದ್ದ ಲೇಖನಗಳಿಂದ ಪದಗಳ ಪಟ್ಟಿ ತೆಗೆದೆವು. ಅದೇ ಪತ್ರಿಕೆ, ಅದೇ ಬರಹಗಾರರು, ಅದೇ ಊರಿನ ಹೆಸರುಗಳು. ಯಾವ ನಿಘಂಟಿಗಿಂತಲೂ ಈ ಪಟ್ಟಿ ಚೆನ್ನಾಗಿ ಹೊಂದಿತು. ಕಳೆದ ಪ್ರತಿ ಜಾಗಕ್ಕೂ ಸಾಧ್ಯವಿರುವ ಅಕ್ಷರಗಳನ್ನು ಹಾಕಿ ನೋಡುವುದು, ಪಟ್ಟಿಯಲ್ಲಿರುವ ಪದ ಒಂದೇ ಆದರೆ ಅದನ್ನು ಇಡುವುದು. ‘ಮಾಡ�ತ�ತಾರೆ’ ಅನ್ನುವುದಕ್ಕೆ ನಾಲ್ಕು ಸಾಧ್ಯತೆ, ಪದ ಅಂತ ಇರುವುದು ‘ಮಾಡುತ್ತಾರೆ’ ಒಂದೇ. ಬಹುಪಾಲು ಪದಗಳು ಹೀಗೆ ತಾವಾಗಿಯೇ ಬಿಡಿಸಿಕೊಂಡವು.

ಪಟ್ಟಿಯಲ್ಲಿ ಎರಡೂ ಇದ್ದ ಪದಗಳನ್ನು ನಾವು ತೀರ್ಮಾನ ಮಾಡಲಿಲ್ಲ. ‘ಕಾರು’ ಅಂತಲೂ ‘ಕಾರ್’ ಅಂತಲೂ ಈ ಪತ್ರಿಕೆಯಲ್ಲಿ ಬರೆದಿದ್ದಾರೆ. ಮನುಷ್ಯರ, ಮನೆತನಗಳ ಹೆಸರಿನ ಕೊನೆಯಲ್ಲೂ ಇದೇ ಅನುಮಾನ. ಅಂಥವನ್ನು ಲೇಖನದ ಹೆಸರು, ಸಾಲಿನ ಸಂಖ್ಯೆ, ಎರಡೂ ರೂಪಗಳ ಜೊತೆ ಒಂದು ಹಾಳೆಗೆ ಹಾಕಿ ಸಂಪಾದಕರಿಗೆ ಕಳಿಸಿದೆವು. “ಇದನ್ನು ಬರೆದವರಲ್ಲಿ ಹೆಚ್ಚಿನವರು ಇಲ್ಲೇ ಇದ್ದಾರೆ, ನಾನೇ ಕೇಳಿ ಹೇಳುತ್ತೇನೆ ಬಿಡಿ” ಅಂದರು ಅವರು. ಹಾಳೆ ತುಂಬಿ ವಾಪಸ್ ಬಂದ ಮೇಲೆ ಆ ತಿದ್ದುಪಡಿಗಳನ್ನು ಬೇರೆ ಫೈಲಿನಲ್ಲಿ ಬರೆದಿಟ್ಟು, ಸ್ಕ್ರಿಪ್ಟ್ ಅದನ್ನು ಓದಿಕೊಂಡು ಹಾಕುವಂತೆ ಮಾಡಿದೆವು. ಕೈಯಿಂದ ನೇರವಾಗಿ ಫೈಲು ತಿದ್ದಲಿಲ್ಲ. ಮೂಲ ಡ್ರೈವಿನ ಪ್ರತಿ, ಚೆಕ್‌ಸಮ್, ಎರಡು ಸ್ಕ್ರಿಪ್ಟು, ತಿದ್ದುಪಡಿಯ ಫೈಲು, ಇಷ್ಟು ಇದ್ದರೆ ಯಾರು ಬೇಕಾದರೂ ಮೊದಲಿನಿಂದ ಓಡಿಸಿ ಇದೇ ಫಲಿತಾಂಶ ಪಡೆಯಬಹುದು. ಬಳಗದವರಿಗೆ ಒಪ್ಪಿಸಿದ್ದು ಈ ಎಲ್ಲವನ್ನೂ ಸೇರಿಸಿಯೇ.